ಜೀಪು ಓಡಿಸುವವರಿಗೂ, ಹತ್ತುವವರಿಗೂ

ನಮ್ಮ ಕಡೆ ಎತ್ತರದ ಗಾಡಿಗೆಲ್ಲ ಒಂದೇ ಹೆಸರು. ಜೀಪು. ಬೊಲೆರೊ ಬಂದರೂ ಜೀಪು. ಸುಮೋ ಬಂದರೂ ಜೀಪು. ಕ್ರೂಸರ್ ಬಂದರೂ ಜೀಪು. ಪೇಟೆಯವರು ಎಸ್‌ಯುವಿ ಅಂತಾರೆ. ಹೆಸರು ಏನಾದರೂ ಇರಲಿ, ಈ ಗಾಡಿಗಳ ಗುಣ ಒಂದೇ. ನೆಲದಿಂದ ಎತ್ತರ. ಮೈ ಭಾರ. ಕೆಟ್ಟ ದಾರಿಗೂ ಹೆದರುವುದಿಲ್ಲ.

ಈ ಗಾಡಿ ಹುಟ್ಟಿದ್ದು ಯುದ್ಧಕ್ಕಾಗಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ವಿಲ್ಲಿಸ್ ಜೀಪು ಬಳಸಿತು. ನಮ್ಮ ದೇಶದಲ್ಲಿ ಮಹೀಂದ್ರಾ ಕಂಪನಿ 1947ರಲ್ಲಿ ಅದೇ ಜೀಪನ್ನು ಜೋಡಿಸಲು ಶುರು ಮಾಡಿತು. ಟಾಟಾ ಸುಮೋ ಬಂದದ್ದು 1994ರಲ್ಲಿ. 2019ರಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಹಳೇ ಸುಮೋಗಳು ಇನ್ನೂ ಓಡುತ್ತಿವೆ. ಬೊಲೆರೊ 2000ದಲ್ಲಿ ಬಂತು. ಇನ್ನೋವಾ 2005ರಿಂದ ನಮ್ಮ ಬೆಂಗಳೂರಿನ ಹತ್ತಿರದ ಬಿಡದಿಯಲ್ಲೇ ತಯಾರಾಗುತ್ತದೆ.

ರಾಯದುರ್ಗದಿಂದ ಬಳ್ಳಾರಿಗೆ, ಮೊಳಕಾಲ್ಮೂರಿಗೆ, ಕಲ್ಯಾಣದುರ್ಗಕ್ಕೆ ಜೀಪು ಬೇಕು. ಮಡಕಶಿರಾದಿಂದ ಅಮರಾಪುರಕ್ಕೆ, ರೊಳ್ಳ, ಅಗಳಿ ದಾಟಿ ಶಿರಾಕ್ಕೆ ಜೀಪು ಬೇಕು. (ಮಡಕಶಿರಾ 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲೇ ಇತ್ತು. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ದಾರಿ ಮಾತ್ರ ಅದೇ ದಾರಿ!) ಮದುವೆ ದಿಬ್ಬಣಕ್ಕೆ ಜೀಪು. ಕೂಲಿಗೆ ಜೀಪು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೂ ಜೀಪು. ಹಾಗಾಗಿ ಈ ಪಾಠ ಡ್ರೈವರಿಗೆ ಮಾತ್ರ ಅಲ್ಲ. ಹತ್ತಿ ಕೂರುವವರೂ ಓದಬೇಕು.

ಮೂರು ಅಪಘಾತಗಳು

2022ರ ಫೆಬ್ರವರಿ. ಬಳ್ಳಾರಿಯಲ್ಲಿ ಮದುವೆ ಮುಗಿಸಿ ಒಂದು ಇನ್ನೋವಾ ಗಾಡಿ ವಾಪಸ್ ಬರುತ್ತಿತ್ತು. ಅನಂತಪುರ ಜಿಲ್ಲೆಯ ಉರವಕೊಂಡ ಮಂಡಲದ ಬೂದಗವಿ ಹತ್ತಿರ ಲಾರಿಗೂ ಅದಕ್ಕೂ ಡಿಕ್ಕಿ ಆಯಿತು. 9 ಮಂದಿ ಸತ್ತರು. ಮದುವೆ ಮನೆ ಸಾವಿನ ಮನೆ ಆಯಿತು.

ಅದೇ ವರ್ಷ ಆಗಸ್ಟ್ 25. ರಾಯಚೂರು ಕಡೆಯ ಕೂಲಿಕಾರರು ಬೆಂಗಳೂರಿಗೆ ಹೊರಟಿದ್ದರು. ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹತ್ತಿರ ಬೆಳಗಿನ ಜಾವ ಅವರ ಗಾಡಿಗೂ ಲಾರಿಗೂ ಡಿಕ್ಕಿ ಆಯಿತು. ಆ ಒಂದು ಗಾಡಿಯಲ್ಲಿ 20ಕ್ಕೂ ಹೆಚ್ಚು ಮಂದಿ ಇದ್ದರು. 9 ಮಂದಿ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು.

2023ರ ಅಕ್ಟೋಬರ್ 26. ಚಿಕ್ಕಬಳ್ಳಾಪುರದ ಹತ್ತಿರ ಬೆಳಿಗ್ಗೆ ದಟ್ಟ ಮಂಜು. ರಸ್ತೆ ಪಕ್ಕ ಒಂದು ಟ್ಯಾಂಕರ್ ನಿಂತಿತ್ತು. ಹಿಂದಿನಿಂದ ಬಂದ ಟಾಟಾ ಸುಮೋ ಅದಕ್ಕೆ ಗುದ್ದಿತು. 13 ಮಂದಿ ಸತ್ತರು. ಗೋರಂಟ್ಲ ಕಡೆಯಿಂದ ಬೆಂಗಳೂರಿಗೆ ಹೊರಟವರು ಅದರಲ್ಲಿದ್ದರು.

ಮೂರೂ ಎತ್ತರದ ಗಾಡಿಗಳೇ. "ದೊಡ್ಡ ಗಾಡಿ, ಗಟ್ಟಿ ಗಾಡಿ, ಏನೂ ಆಗಲ್ಲ" ಅಂತ ನಾವು ಧೈರ್ಯವಾಗಿ ಹತ್ತುತ್ತೇವೆ. ಆ ಧೈರ್ಯದಲ್ಲಿ ಅರ್ಧ ಮಾತ್ರ ನಿಜ. ಉಳಿದ ಅರ್ಧ ಏನು ಅಂತ ಈಗ ನೋಡೋಣ.

ಎತ್ತರದ ಗಾಡಿ ಯಾಕೆ ಮಗುಚುತ್ತದೆ?

ಎತ್ತಿನ ಗಾಡಿ ನಿಮಗೆ ಗೊತ್ತು. ಬರಿ ಗಾಡಿ ಎಂಥ ಕೊರಕಲಿನಲ್ಲೂ ಹೋಗುತ್ತದೆ. ಅದೇ ಗಾಡಿಗೆ ಶೇಂಗಾ ಹೊಟ್ಟು ಆಳೆತ್ತರಕ್ಕೆ ಪೇರಿಸಿ ನೋಡಿ. ಒಂದು ಗಾಲಿ ಗುಂಡಿಗೆ ಇಳಿದರೆ ಸಾಕು, ಗಾಡಿ ವಾಲುತ್ತದೆ. ಗಾಡಿ ಅದೇ. ಗಾಲಿಯ ಅಗಲವೂ ಅಷ್ಟೇ. ಆದರೆ ಭಾರ ಮೇಲಕ್ಕೆ ಹೋಯಿತು.

ಜೀಪಿನ ಕಥೆಯೂ ಇದೇ. ಸಣ್ಣ ಕಾರಿನ ಭಾರ ನೆಲಕ್ಕೆ ಹತ್ತಿರ ಇರುತ್ತದೆ. ಜೀಪಿನ ಭಾರ ಮೇಲೆ ಇರುತ್ತದೆ. ಜೋರಾಗಿ ಹೋಗುವಾಗ ಸ್ಟೇರಿಂಗ್ ತಟ್ಟನೆ ತಿರುಗಿಸಿದರೆ ಚಕ್ರಗಳು ತಿರುಗುತ್ತವೆ, ಮೇಲಿನ ಭಾರ ನೇರವಾಗಿ ಹೋಗಲು ನೋಡುತ್ತದೆ. ಆಗ ಗಾಡಿ ಮಗುಚುತ್ತದೆ. ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ, ಟ್ರಂಕು, ಅದರ ಮೇಲೆ ನಾಲ್ಕು ಜನ ಕೂತರೆ ಕೇಳುವುದೇ ಬೇಡ. ಭಾರದ ಸಾಮಾನು ಯಾವಾಗಲೂ ಒಳಗೆ, ಕೆಳಗೆ, ಚಕ್ರಗಳ ನಡುವೆ ಇರಲಿ. ಮೇಲೆ ಹಾಸಿಗೆಯಂಥ ಹಗುರವಾದದ್ದು ಮಾತ್ರ ಕಟ್ಟಿ.

ನಮ್ಮ ಹಳ್ಳಿ ರಸ್ತೆಯಲ್ಲಿ ಜೀಪು ಮಗುಚುವುದು ಹೆಚ್ಚಾಗಿ ಹೇಗೆ ಗೊತ್ತಾ? ಟಾರು ರಸ್ತೆ ಕಿರಿದು. ಎದುರಿಗೆ ಬಸ್ಸು ಬಂತು. ಡ್ರೈವರ್ ಪಕ್ಕಕ್ಕೆ ಸರಿದ. ಎಡಗಡೆ ಚಕ್ರ ಟಾರಿನಿಂದ ಮಣ್ಣಿಗೆ ಇಳಿಯಿತು. ಟಾರಿಗೂ ಮಣ್ಣಿಗೂ ಒಂದು ಗೇಣು ಎತ್ತರ. ಗಾಬರಿಯಲ್ಲಿ ಸ್ಟೇರಿಂಗ್ ಬಲಕ್ಕೆ ಜೋರಾಗಿ ಎಳೆದ. ಚಕ್ರ ಟಾರಿನ ಅಂಚಿಗೆ ಉಜ್ಜಿತು, ಆಮೇಲೆ ಒಮ್ಮೆಗೇ ಮೇಲೆ ಹಾರಿತು. ಗಾಡಿ ಅಡ್ಡಡ್ಡ ಹೋಯಿತು. ಮುಗೀತು.

ಹಾಗಾದರೆ ಏನು ಮಾಡಬೇಕು? ಚಕ್ರ ಮಣ್ಣಿಗೆ ಇಳಿದರೆ ಇಳಿಯಲಿ. ಸ್ಟೇರಿಂಗ್ ನೇರವಾಗಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಎಕ್ಸಿಲೇಟರ್‌ನಿಂದ ಕಾಲು ತೆಗೆಯಿರಿ. ಬ್ರೇಕ್ ಗಟ್ಟಿಯಾಗಿ ತುಳಿಯಬೇಡಿ. ಗಾಡಿ ಪೂರ್ತಿ ನಿಧಾನವಾಗಲಿ. ಹಿಂದೆ ಮುಂದೆ ನೋಡಿ ಮೆಲ್ಲಗೆ ಟಾರಿಗೆ ಹತ್ತಿಸಿ. ಈ ಒಂದು ವಿಷಯವನ್ನು ಖಾಲಿ ರಸ್ತೆಯಲ್ಲಿ, ನಿಧಾನದಲ್ಲಿ ನಾಲ್ಕಾರು ಸಲ ಮಾಡಿ ನೋಡಿ. ಕೈಗೆ ಅಭ್ಯಾಸ ಇಲ್ಲದಿದ್ದರೆ ಗಾಬರಿಯಲ್ಲಿ ಬುದ್ಧಿ ಓಡುವುದಿಲ್ಲ.

ನಾಯಿ, ಆಡು ಅಡ್ಡ ಬಂದಾಗಲೂ ಹೀಗೇ. ನೇರವಾಗಿ ಹೋಗುತ್ತಾ ಬ್ರೇಕ್ ಹಾಕಿ. ಜೋರಿನಲ್ಲಿ ಸ್ಟೇರಿಂಗ್ ಎಳೆಯಬೇಡಿ. ಆಡು ಸತ್ತರೆ ದುಡ್ಡು ಕೊಡಬಹುದು. ಕೇಳುವುದಕ್ಕೆ ಕಠಿಣ, ಆದರೆ ಹೇಳಲೇಬೇಕು.

ಗಾಡಿಯ ಮೇಲೆ ಬರೆದಿರುವುದನ್ನು ಓದಿ

ಈಗ ನಿಮಗೆ ಅಕ್ಷರ ಬರುತ್ತದೆ, ಅಂಕಿ ಬರುತ್ತದೆ. ಹಾಗಾದರೆ ಜೀಪನ್ನೂ ಓದಬಹುದು.

ಮೊದಲು ಆರ್‌ಸಿ ಪುಸ್ತಕ. ಈಗ ಅದು ಕಾರ್ಡಾಗಿಯೂ ಬರುತ್ತದೆ. ಅದರಲ್ಲಿ ಎಷ್ಟು ಸೀಟು ಎಂದು ಬರೆದಿರುತ್ತದೆ. ಆ ಲೆಕ್ಕದಲ್ಲಿ ಡ್ರೈವರೂ ಸೇರುತ್ತಾನೆ. 7 ಎಂದು ಬರೆದಿದ್ದರೆ ಡ್ರೈವರ್ ಬಿಟ್ಟು 6 ಜನ. ಆ ಗಾಡಿಗೆ 14 ಜನ ಹತ್ತಿದರು ಅಂದುಕೊಳ್ಳಿ. ಹೆಚ್ಚಿನವರು 7. ಒಬ್ಬರಿಗೆ 60 ಕಿಲೋ ಅಂದರೂ 420 ಕಿಲೋ ಜಾಸ್ತಿ. ಅಂದರೆ 50 ಕಿಲೋದ 8 ಮೂಟೆಗಿಂತ ಹೆಚ್ಚು! ಬ್ರೇಕಿಗೆ ಕಷ್ಟ. ಟೈರಿಗೆ ಕಷ್ಟ. ಹಿಂದುಗಡೆ ಕುಗ್ಗಿ, ಮುಂದುಗಡೆ ಎದ್ದು, ರಾತ್ರಿ ಹೊತ್ತು ನಮ್ಮ ಲೈಟು ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಇನ್ನೊಂದು ವಿಷಯ ಇದೆ. ವಿಮೆ. ಅನುಮತಿ ಇರುವುದಕ್ಕಿಂತ ಹೆಚ್ಚು ಜನ ಹತ್ತಿದ್ದರೆ, ವಿಮಾ ಕಂಪನಿಯ ಹೊಣೆ ಅನುಮತಿ ಇರುವಷ್ಟು ಜನರ ಲೆಕ್ಕಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಪು ಕೊಟ್ಟಿದೆ. ಉಳಿದ ಹಣ ಗಾಡಿ ಮಾಲೀಕನ ತಲೆಗೆ. ಅವನ ಹತ್ತಿರ ಇಲ್ಲದಿದ್ದರೆ? ಯಾರ ಹತ್ತಿರ ಕೇಳುತ್ತೀರಿ? ಬಿಳಿ ಬೋರ್ಡಿನ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸಿದರೂ ವಿಮೆಗೆ ತಕರಾರು ಬರುತ್ತದೆ. ಬಾಡಿಗೆ ಗಾಡಿಗೆ ಹಳದಿ ಬೋರ್ಡು ಇರಬೇಕು.

ಎರಡನೆಯದು ಟೈರು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಚೀಟಿ ಅಂಟಿಸಿರುತ್ತಾರೆ. ಯಾವ ಟೈರಿಗೆ ಎಷ್ಟು ಗಾಳಿ ಎಂದು ಅದರಲ್ಲಿ ಇರುತ್ತದೆ. ತುಂಬಿದ ಗಾಡಿಗೆ ಬೇರೆ ಅಂಕಿ, ಖಾಲಿ ಗಾಡಿಗೆ ಬೇರೆ ಅಂಕಿ. ಬೆಳಿಗ್ಗೆ ಟೈರು ತಣ್ಣಗೆ ಇರುವಾಗಲೇ ಗಾಳಿ ನೋಡಿಸಿ. ಬೇಸಿಗೆಯಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿ ಕಡಿಮೆ ಇದ್ದರೆ ಟೈರು ಮಡಚಿ ಮಡಚಿ ಒಳಗೇ ಕಾಯುತ್ತದೆ. ಮೇಲೆ ಬಿಸಿಲು, ಜೊತೆಗೆ ಭಾರ, ಜೊತೆಗೆ ವೇಗ. ಟೈರು ಸಿಡಿಯುವುದು ಆಗಲೇ.

ಅಮೆರಿಕದಲ್ಲೇ ಇದು ದೊಡ್ಡ ಗಲಾಟೆ ಆಗಿತ್ತು. ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಗೆ ಫೈರ್‌ಸ್ಟೋನ್ ಟೈರು ಹಾಕುತ್ತಿದ್ದರು. ಓಡುವಾಗ ಟೈರಿನ ಮೇಲಿನ ಪದರ ಕಿತ್ತು ಬರುತ್ತಿತ್ತು. ಗಾಡಿ ಮಗುಚುತ್ತಿತ್ತು. 2000ದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಕಂಪನಿ ವಾಪಸ್ ತೆಗೆದುಕೊಂಡಿತು. ಅಷ್ಟು ಹೊತ್ತಿಗೆ ಬಹಳ ಜನ ಪ್ರಾಣ ಕಳೆದುಕೊಂಡಿದ್ದರು. ಟೈರು, ಗಾಳಿ, ಬಿಸಿಲು, ಎತ್ತರ, ಎಲ್ಲ ಸೇರಿ ಆದ ಕೆಲಸ ಅದು. ಅಂಥ ಒಳ್ಳೇ ರಸ್ತೆಯ ದೇಶದಲ್ಲೇ ಹೀಗಾದರೆ ನಮ್ಮದೇನು!

ಟೈರಿನ ವಯಸ್ಸನ್ನೂ ಓದಬಹುದು. ಟೈರಿನ ಪಕ್ಕದ ಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತ ಇದ್ದರೆ, 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ ಟೈರು ಎಂದು ಅರ್ಥ. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವಾಗ ಈ ನಾಲ್ಕು ಅಂಕಿ ನೋಡದೆ ದುಡ್ಡು ಕೊಡಬೇಡಿ. ನೋಡಲು ಹೊಸದಾಗಿ ಕಂಡರೂ ಹಳೇ ರಬ್ಬರು ಬಿರುಕು ಬಿಡುತ್ತದೆ. ಓಡುವಾಗ ಟೈರು ಸಿಡಿದರೆ ಸ್ಟೇರಿಂಗ್ ಬಿಗಿಯಾಗಿ ಹಿಡಿದು ನೇರವಾಗಿ ಹೋಗಲು ಬಿಡಿ. ಗಾಡಿ ತಾನೇ ನಿಧಾನವಾಗಲಿ. ತಟ್ಟನೆ ಬ್ರೇಕ್ ಬೇಡ.

ಹೊರಡುವ ಮುಂಚೆ

ಹತ್ತುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ನಡೆಯಿರಿ. ಇದು ಶಾಸ್ತ್ರಕ್ಕಲ್ಲ. ಎತ್ತರದ ಗಾಡಿಯ ಬಾನೆಟ್ಟಿನ ಮುಂದೆ, ಹಿಂದೆ ಸಣ್ಣ ಮಗು ಕೂತಿದ್ದರೆ ಡ್ರೈವರಿಗೆ ಕಾಣುವುದೇ ಇಲ್ಲ. ಮನೆಯ ಅಂಗಳದಲ್ಲೇ ರಿವರ್ಸ್ ತೆಗೆಯುವಾಗ ಮಕ್ಕಳು ಚಕ್ರಕ್ಕೆ ಸಿಗುತ್ತಾರೆ. ಮಕ್ಕಳನ್ನು ಒಬ್ಬರು ಕೈ ಹಿಡಿದು ನಿಲ್ಲಲಿ, ಆಮೇಲೆ ಗಾಡಿ ತೆಗೆಯಿರಿ.

ಚಾವಿ ತಿರುಗಿಸಿದಾಗ ಮುಂದಿನ ಫಲಕದಲ್ಲಿ ದೀಪಗಳು ಹತ್ತುತ್ತವೆ. ಡೀಸೆಲ್ ಗಾಡಿಯಲ್ಲಿ ಸುರುಳಿ ಸುರುಳಿಯ ಒಂದು ಹಳದಿ ಗುರುತು ಇರುತ್ತದೆ. ಅದು ಆರಿದ ಮೇಲೆ ಸ್ಟಾರ್ಟ್ ಮಾಡಿ. ಎಣ್ಣೆ ಡಬ್ಬಿಯ ಕೆಂಪು ಗುರುತು ಇಂಜಿನ್ ಆಯಿಲ್‌ದು. ಸ್ಟಾರ್ಟ್ ಆದ ಮೇಲೂ ಆರದಿದ್ದರೆ ಇಂಜಿನ್ ಆಫ್ ಮಾಡಿ. ನೀರಿನಲ್ಲಿ ಕಡ್ಡಿ ಅದ್ದಿದಂಥ ಗುರುತು ಬಿಸಿಯದು. ಕೆಂಪಾಗಿ ಹತ್ತಿದರೆ ಗಾಡಿ ನಿಲ್ಲಿಸಿ ಕಾಯಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಹಾರುತ್ತದೆ.

ಬೆಲ್ಟು ಎಲ್ಲರಿಗೂ. ಹಿಂದಿನ ಸೀಟಿನವರಿಗೂ. ದೊಡ್ಡ ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್‌ನಲ್ಲಿ ಸತ್ತದ್ದು ಹೀಗೇ. ಬಲು ಬೆಲೆಯ ಗಾಡಿ, ಹಿಂದಿನ ಸೀಟು, ಬೆಲ್ಟು ಹಾಕಿರಲಿಲ್ಲ. ಗಾಡಿ ಮಗುಚಿದಾಗ ಬೆಲ್ಟು ಇಲ್ಲದವರು ಹೊರಗೆ ಎಸೆಯಲ್ಪಡುತ್ತಾರೆ, ಅದೇ ಗಾಡಿ ಅವರ ಮೇಲೆ ಬೀಳುತ್ತದೆ. ಹಳೇ ಜೀಪುಗಳ ಹಿಂದಿನ ಅಡ್ಡ ಸೀಟಿಗೆ ಎಷ್ಟೋ ಕಡೆ ಬೆಲ್ಟೇ ಇಲ್ಲ. ಅಲ್ಲಿ ಮಕ್ಕಳನ್ನು ಕೂರಿಸಬೇಡಿ. ಬಾಗಿಲ ಹೊರಗೆ ನೇತಾಡುವ ಮಾತಂತೂ ಬೇಡ.

ನಿಲ್ಲಲು ಎಷ್ಟು ದೂರ ಬೇಕು?

ಲೆಕ್ಕ ಮಾಡೋಣ. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣು ನೋಡಿ, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಆಮೇಲೆ ಬ್ರೇಕ್ ಹಿಡಿಯಬೇಕು. ಒಣ ರಸ್ತೆ, ಒಳ್ಳೇ ಟೈರು ಇದ್ದರೆ 60ರಲ್ಲಿ ನಿಲ್ಲಲು ಒಟ್ಟು ಸುಮಾರು 40 ಮೀಟರ್ ಬೇಕು. 80ರಲ್ಲಿ 60 ಮೀಟರಿಗಿಂತ ಹೆಚ್ಚು. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ. ಗಾಡಿ ತುಂಬಿದ್ದರೆ, ರಸ್ತೆ ಒದ್ದೆ ಇದ್ದರೆ ಇನ್ನೂ ದೂರ.

ರಾತ್ರಿ ಡಿಮ್ ಲೈಟಿನಲ್ಲಿ ಎದುರಿನದು ಚೆನ್ನಾಗಿ ಕಾಣುವುದು ಹೆಚ್ಚೆಂದರೆ 40, 50 ಮೀಟರ್. ಈಗ ಹೇಳಿ, 80ರಲ್ಲಿ ಹೋಗುತ್ತಿದ್ದರೆ ಲೈಟಿಲ್ಲದೆ ನಿಂತ ಟ್ಯಾಂಕರ್ ಕಂಡ ಮೇಲೆ ನಿಲ್ಲಲು ಆಗುತ್ತದಾ? ಆಗುವುದಿಲ್ಲ. ಮಂಜು ಇದ್ದರೆ ಇನ್ನೂ ಕಡಿಮೆ ಕಾಣುತ್ತದೆ. ಕಣ್ಣಿಗೆ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲುವ ವೇಗದಲ್ಲೇ ಹೋಗಬೇಕು. ಏನೂ ಕಾಣದಿದ್ದರೆ ರಸ್ತೆ ಬಿಟ್ಟು ದೂರಕ್ಕೆ, ಡಾಬಾದ ಹತ್ತಿರವೋ ಪೆಟ್ರೋಲ್ ಬಂಕಿನಲ್ಲೋ ನಿಲ್ಲಿಸಿ. ನಿಮ್ಮದೇ ಗಾಡಿ ಕೆಟ್ಟು ನಿಂತರೂ ಅಷ್ಟೇ. ರಸ್ತೆಯಿಂದ ಇಳಿಸಿ, ನಾಲ್ಕೂ ಕಡೆ ಮಿನುಗುವ ದೀಪ ಹಾಕಿ, ಹಿಂದೆ ದೂರದಲ್ಲಿ ತ್ರಿಕೋನ ಇಡಿ. ಜನ ಒಳಗೆ ಕೂರದೆ ಇಳಿದು ಹೊಲದ ಕಡೆ ನಿಲ್ಲಲಿ.

ನಿದ್ದೆಯ ಮಾತು ಒಂದಿದೆ. ಕೂಲಿಗೆ ಹೋಗುವ ಗಾಡಿಗಳು ರಾತ್ರಿಯಿಡೀ ಓಡುತ್ತವೆ. ಬೆಳಗಿನ ಜಾವ ಎಂಥವನಿಗೂ ಕಣ್ಣು ಎಳೆಯುತ್ತದೆ. ಬೀಡಿ, ಟೀ, ಹಾಡು ಯಾವುದೂ ನಿದ್ದೆಗೆ ಔಷಧ ಅಲ್ಲ. ನಿದ್ದೆಗೆ ನಿದ್ದೆಯೇ ಔಷಧ. ಅರ್ಧ ಗಂಟೆ ನಿಲ್ಲಿಸಿ ಮಲಗಲಿ. ಮೇಸ್ತ್ರಿ ಬೈದರೂ ಪರವಾಗಿಲ್ಲ.

ನಮ್ಮ ದಾರಿಯ ಕೆಲವು ಕಷ್ಟಗಳು

ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಗಾಡಿ ಹರಿದರೆ ಒಕ್ಕಣೆ ಆಗುತ್ತದೆ ಅಂತ. ಅದರ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ. ಹುರುಳಿ ಬಳ್ಳಿ ಗಾಡಿಯ ಕೆಳಗಿನ ತಿರುಗುವ ಕಂಬಿಗೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುತ್ತದೆ. ಬೆಂಕಿ ಹತ್ತುತ್ತದೆ. ದಾಟಲೇಬೇಕಾದರೆ ನಿಧಾನವಾಗಿ ದಾಟಿ, ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ, ಸುತ್ತಿದ್ದನ್ನು ಕೀಳಿ. ರೈತರೇ, ಒಕ್ಕಣೆಗೆ ಕಣ ಇದೆ. ರಸ್ತೆ ಬೇಡ.

ಹಗರಿ ಹೊಳೆಯ ಮರಳಿನಲ್ಲಿ ಜೀಪು ಹೂತುಕೊಂಡರೆ ಎಕ್ಸಿಲೇಟರ್ ಒತ್ತಿದಷ್ಟೂ ಇನ್ನೂ ಆಳಕ್ಕೆ ಹೋಗುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಸಣ್ಣ ಗೇರು ಕೆಲವು ಜೀಪಿಗೆ ಇರುತ್ತದೆ. ಮರಳು, ಕೆಸರಿಗೆ ಅದು ಒಳ್ಳೆಯದು. ಗಟ್ಟಿ ಟಾರು ರಸ್ತೆಗೆ ಬಂದ ಮೇಲೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಗೇರುಗಳು ಹಾಳಾಗುತ್ತವೆ. ಇನ್ನೊಂದು ತಪ್ಪು ನಂಬಿಕೆ ಇದೆ. ನಾಲ್ಕು ಚಕ್ರ ಎಳೆಯುವ ಗಾಡಿ ಬೇಗ ನಿಲ್ಲುತ್ತದೆ ಅಂತ. ಇಲ್ಲ. ಹೊರಡಲು ಸಹಾಯ, ನಿಲ್ಲಲು ಸಹಾಯ ಅಲ್ಲ. ಬ್ರೇಕ್ ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿದ್ದಾರೆ. ಇಂಜಿನ್ನೇ ಆಫ್ ಮಾಡುವವರೂ ಇದ್ದಾರೆ! ಇಂಜಿನ್ ನಿಂತರೆ ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗೂ ಭಾರ ಆಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ನಮ್ಮದು ಮಳೆ ಕಡಿಮೆ ಸೀಮೆ. ಅದಕ್ಕೇ ಹಳ್ಳದ ನೀರೆಂದರೆ ನಮಗೆ ಭಯ ಕಡಿಮೆ. ಎರಡು ಅಡಿ ಹರಿಯುವ ನೀರು ಜೀಪನ್ನೂ ಎತ್ತಿ ಒಯ್ಯುತ್ತದೆ. 2021ರ ನವೆಂಬರ್‌ನಲ್ಲಿ ಚಿತ್ರಾವತಿ ಹೊಳೆ ಉಕ್ಕಿದಾಗ ನೀರಿನ ನಡುವೆ ಸಿಕ್ಕಿದ್ದ 10 ಮಂದಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಕೆಂಪು ನೀರು ಸೇತುವೆ ಮೇಲೆ ಹರಿಯುತ್ತಿದ್ದರೆ ಕಾಯಿರಿ. ನಮ್ಮ ಹಳ್ಳಗಳು ಬಂದಷ್ಟೇ ಬೇಗ ಇಳಿಯುತ್ತವೆ.

ಬೋರ್ಡು, ಲೈಸೆನ್ಸು

ಆಂಧ್ರದ ಕಡೆ ಬೋರ್ಡು ತೆಲುಗಿನಲ್ಲಿ. ಮೊಳಕಾಲ್ಮೂರು, ಶಿರಾ ಕಡೆ ಹೋದರೆ ಕನ್ನಡದಲ್ಲಿ. ಆದರೆ ಚಿಹ್ನೆಗೆ ಭಾಷೆ ಇಲ್ಲ. ಕೆಂಪು ಅಂಚಿನ ತ್ರಿಕೋನ ಎಂದರೆ ಮುಂದೆ ಅಪಾಯ ಇದೆ, ಹುಷಾರು. ಕೆಂಪು ಅಂಚಿನ ದುಂಡು ಬೋರ್ಡಿನೊಳಗೆ ಅಂಕಿ ಇದ್ದರೆ ಅದಕ್ಕಿಂತ ಜೋರು ಹೋಗಬಾರದು. ಎಂಟು ಮೂಲೆಯ ಕೆಂಪು ಬೋರ್ಡು ಕಂಡರೆ ಪೂರ್ತಿ ನಿಲ್ಲಿಸಬೇಕು.

ಹಿಂದೆ ಬಾಡಿಗೆ ಗಾಡಿ ಓಡಿಸುವ ಲೈಸೆನ್ಸಿಗೆ 8ನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮ ತೆಗೆಯಿತು. ಶಾಲೆಗೆ ಹೋಗದವರಿಗೂ ಈಗ ದಾರಿ ಇದೆ. ಆದರೆ ಚಿಹ್ನೆಗಳ ಪರೀಕ್ಷೆ ಇದ್ದೇ ಇದೆ. ಮೊದಲು ಕಲಿಯುವ ಲೈಸೆನ್ಸು, ಅದು 6 ತಿಂಗಳು ನಡೆಯುತ್ತದೆ. 30 ದಿನ ಆದ ಮೇಲೆ ಪಕ್ಕಾ ಲೈಸೆನ್ಸಿಗೆ ಹೋಗಬಹುದು. ಜೀಪು ಓಡಿಸಲು 18 ವರ್ಷ ತುಂಬಿರಬೇಕು. ಚಿಕ್ಕ ಹುಡುಗನ ಕೈಗೆ ಚಾವಿ ಕೊಟ್ಟು ಅಪಘಾತ ಆದರೆ, 2019ರ ತಿದ್ದುಪಡಿ ಕಾಯ್ದೆಯ ಪ್ರಕಾರ ಪೋಷಕರಿಗೆ, ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು.

ಅಪಘಾತ ಕಂಡರೆ 108ಕ್ಕೆ ಫೋನ್ ಮಾಡಿ. ಆಂಧ್ರದಲ್ಲೂ ಕರ್ನಾಟಕದಲ್ಲೂ ಅದೇ ನಂಬರು. ಪೊಲೀಸರಿಗೆ 112. ಗಾಯವಾದವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳು, ಸಾಕ್ಷಿ ಹೇಳು ಎಂದು ಬಲವಂತ ಮಾಡುವಂತಿಲ್ಲ. ಕಾನೂನಿನಲ್ಲೇ ಹಾಗೆ ಬರೆದಿದೆ. ಹೆದರಿ ದೂರ ನಿಲ್ಲಬೇಡಿ.

ಮಾಡಿ ನೋಡಿ

1. ನಿಮ್ಮ ಊರಿನ ಒಂದು ಜೀಪಿನ ಆರ್‌ಸಿ ಕೇಳಿ ನೋಡಿ. ಎಷ್ಟು ಸೀಟು ಎಂದು ಬರೆದಿದೆ? ಸಂತೆಯ ದಿನ ಅದರಲ್ಲಿ ಎಷ್ಟು ಜನ ಹತ್ತುತ್ತಾರೆ? ಎಣಿಸಿ, ಎರಡೂ ಅಂಕಿ ಪುಸ್ತಕದಲ್ಲಿ ಬರೆಯಿರಿ.

2. ಒಂದು ಟೈರಿನ ಮೇಲೆ 0817 ಎಂದು ಇದೆ. ಅದು ಯಾವ ಇಸವಿಯದು? ಎಷ್ಟನೇ ವಾರದ್ದು? ಈಗ ಅದಕ್ಕೆ ಎಷ್ಟು ವಯಸ್ಸು?

3. ರಸ್ತೆ ಪಕ್ಕದ ಒಂದು ಗುರುತಿನಿಂದ 40 ಮೀಟರ್ ಅಳೆದು ನಿಲ್ಲಿ. ಹತ್ತಿರ ಹತ್ತಿರ 50 ದೊಡ್ಡ ಹೆಜ್ಜೆ ಆಗುತ್ತದೆ. 60ರಲ್ಲಿ ಬರುವ ಜೀಪು ನಿಲ್ಲಲು ಬೇಕಾದ ಜಾಗ ಅದು. ನಿಮ್ಮ ಮಕ್ಕಳಿಗೂ ಅಲ್ಲೇ ನಿಲ್ಲಿಸಿ ತೋರಿಸಿ.

4. ಮುಂದಿನ ಮದುವೆಗೆ ನಿಮ್ಮ ಮನೆಯಿಂದ ಎಷ್ಟು ಜನ ಹೊರಡುತ್ತೀರಿ? 7 ಸೀಟಿನ ಜೀಪು ಎಷ್ಟು ಬೇಕು? ಬಸ್ಸಿನಲ್ಲಿ ಹೋಗುವವರು ಯಾರು? ಮನೆಯವರ ಜೊತೆ ಕೂತು ಪಟ್ಟಿ ಬರೆಯಿರಿ.